ಅಸಾಹೆಲ್ ಪ್ರೌಟಿ ಅಳೆದ ಗಡಿ

1793ರ ಅಕ್ಟೋಬರ್ 22, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಎಲ್ಮ್‌ಫೀಲ್ಡ್ ಊರಿನ ಪ್ರತಿನಿಧಿ ಅಸಾಹೆಲ್ ಪ್ರೌಟಿ ತಾವು ಇಳಿದುಕೊಂಡಿದ್ದ ಹೋಟೆಲಿನ ಹಿಂಬಾಗಿಲಲ್ಲಿ ಕೂತು ಬೂಟಿನ ಕೆಸರನ್ನು ಚಾಕುವಿನಿಂದ ಕೆರೆಯುತ್ತಿದ್ದರು. ಅದೇ ಬೂಟನ್ನು ಅವರು ಆಗಲೇ ಒಮ್ಮೆ ಕೆರೆದಾಗಿತ್ತು. ಒಂಬತ್ತಕ್ಕೆ ವರ್ಮಾಂಟ್ ಶಾಸನಸಭೆ ಸೇರಲಿತ್ತು. ಮೊದಲ ವಿಷಯವೇ ಅವರ ಊರಿನ ಗಡಿ ಮಸೂದೆ.

ಮಸೂದೆ ಚಿಕ್ಕದು. ನಮ್ಮ ಎಲ್ಮ್‌ಫೀಲ್ಡಿಗೂ ಪಶ್ಚಿಮದ ಡನ್‌ಬರೋಗೂ ನಡುವೆ 1771ರಲ್ಲಿ ಮರಗಳ ಮೇಲೆ ಗುರುತು ಕೆತ್ತಿದ ಗೆರೆಯೇ ಶಾಶ್ವತ ಗಡಿ ಎಂದು ಅದು ಹೇಳುತ್ತಿತ್ತು. ಆ ಗೆರೆಯ ಈಚೆ, ಹೊಳೆದಂಡೆಯ ಕಪ್ಪು ಮಣ್ಣಿನಲ್ಲಿ, ಡನ್‌ಬರೋದಿಂದ ಹಕ್ಕುಪತ್ರ ಪಡೆದ ಐದು ಕುಟುಂಬಗಳು ಕಾಡು ಕಡಿದು ಹನ್ನೆರಡು ವರ್ಷಗಳಿಂದ ನೆಲೆಸಿದ್ದವು. ಮಸೂದೆ ಪಾಸಾದರೆ ಆ ಪತ್ರಗಳು ಬರೀ ಕಾಗದ. ಹಿಮ ಬೀಳುವ ಮೊದಲು ಮನೆ ಬಿಡಬೇಕು. ಪರವಾಗಿಯೇ ಮತ ಹಾಕತಕ್ಕದ್ದು ಎಂದು ನಮ್ಮ ಊರಸಭೆ ಪ್ರೌಟಿಯವರಿಗೆ ಬರೆದು ಕೊಟ್ಟಿತ್ತು.

ಕರ್ನಲ್ ಸ್ಟಾರ್ಕ್‌ವೆದರ್ ಹಿತ್ತಿಲಿಗೆ ಬಂದರು. ಸಭೆಯ ಹಿರಿಯ ಸದಸ್ಯರು. ಮಸೂದೆ ಪಾಸಾದರೆ ಆ ಹೊಳೆದಂಡೆಯಲ್ಲಿ ಅವರಿಗೂ ಪಾಲು ಸಿಗಲಿತ್ತು.

"ಏನ್ರೀ ಪ್ರೌಟಿ, ತೂತು ಬೀಳೋವರೆಗೂ ಕೆರೀತೀರಾ?"

"ಕೆಸರು ಬಿಡ್ತಿಲ್ಲ ಕರ್ನಲ್ರೇ."

"ಅಳತೆ ಸರಿ ಇದ್ಯಾ ಅಂತ ಕೇಳ್ತಾರೆ. ಹೂಂ ಅಂದ್ಬಿಡಿ, ಸಾಕು. ಸರಪಳಿ ಹಿಡಿದವ್ರೇ ನೀವು. ನಿಮ್ಮ ಮಾತಿನ ಮೇಲೆ ಯಾರು ಮಾತಾಡ್ತಾರೆ?"

ಅದು ನಿಜವೇ. ಪ್ರೌಟಿ ಹುಟ್ಟಿದ್ದು 1746ರಲ್ಲಿ, ಕನೆಕ್ಟಿಕಟ್‌ನ ಒಬ್ಬ ಪೀಪಾಯಿ ಮಾಡುವವನ ಮೂರನೆಯ ಮಗನಾಗಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೋಜಣಿದಾರರ ಸರಪಳಿ ಹಿಡಿದು ನಮ್ಮ ಕಾಡಿಗೆ ಬಂದವರು ಇಲ್ಲೇ ನಿಂತರು. ದಿಕ್ಸೂಚಿ ಕಲಿತರು. ಬೇಲಿ ಜಗಳ ತೀರ್ಮಾನಿಸುವವರಾದರು, ಆಮೇಲೆ ನಾಲ್ಕು ಸಲ ಪ್ರತಿನಿಧಿ. ಸಭೆಯಲ್ಲಿ ಅವರು ಹೆಚ್ಚು ಮಾತಾಡಿದವರಲ್ಲ. ರಸ್ತೆಯೋ ಸೇತುವೆಯೋ ಚರ್ಚೆಗೆ ಬಂದಾಗ ಎದ್ದು "ಅಳೆದವರು ಯಾರು?" ಎಂದು ಕೇಳಿ ಕೂರುತ್ತಿದ್ದರು.

ಈ ಗಡಿಯನ್ನು ಅಳೆದವರು ಅವರೇ. ಪೂರ್ವದ ಮೂಲೆಯಿಂದ ಪಶ್ಚಿಮಕ್ಕೆ ಆರು ಮೈಲಿ, ಅಂದರೆ ಅರವತ್ತಾರು ಅಡಿಯ ಸರಪಳಿಯಲ್ಲಿ ನಾನೂರ ಎಂಬತ್ತು. ಹತ್ತು ಸರಪಳಿ ಮುಗಿದಾಗಲೆಲ್ಲ ಎಡಜೇಬಿನ ಒಂದು ಮೆಕ್ಕೆಜೋಳದ ಕಾಳು ಬಲಜೇಬಿಗೆ. ಬಲಜೇಬಿನಲ್ಲಿ ನಲವತ್ತೆಂಟು ಕಾಳು ಕೂಡಿದಲ್ಲಿ ಗಡಿಕಂಬ. ಎಲ್ಲರೂ ಹೀಗೆಯೇ ಎಣಿಸುತ್ತಿದ್ದರು. ಸರಪಳಿಯವರ ಬುತ್ತಿಯೂ ಹುರಿದ ಮೆಕ್ಕೆಜೋಳವೇ. ಬೀವರ್ ಎಂಬ ನೀರುಪ್ರಾಣಿಗಳು ಕಟ್ಟೆ ಕಟ್ಟಿದ್ದ ಜೌಗಿನಲ್ಲಿ, ಸೊಂಟದವರೆಗಿನ ನೀರಿನಲ್ಲಿ, ಬೆಳಗಿನಿಂದ ಹಸಿದಿದ್ದ ಪ್ರೌಟಿ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡರು. ಎಡಜೇಬಿನದು ಎಂದುಕೊಂಡರು. ಇಪ್ಪತ್ತೆರಡು ವರ್ಷ ಹಾಗೆಯೇ ಅಂದುಕೊಂಡರು.

1793ರ ಆಗಸ್ಟಿನಲ್ಲಿ, ಅಧಿವೇಶನಕ್ಕೆ ಮೊದಲು ಗುರುತಿನ ಮರಗಳನ್ನು ನೋಡಿ ಬರಲು ಊರು ಅವರನ್ನು ಕಳಿಸಿತು. ಅಳೆಯಲು ಯಾರೂ ಹೇಳಿರಲಿಲ್ಲ. ಪ್ರೌಟಿ ಸರಪಳಿಯ ಇನ್ನೊಂದು ತುದಿಯನ್ನು ಹೆಂಡತಿ ಮೆಹಿಟಬಲ್ ಕೈಗೆ ಕೊಟ್ಟು ಮೂರು ದಿನ ಅಳೆದರು.

"ರೀ, ನಲವತ್ತೆಂಟಾಯ್ತು. ಕಂಬ ಎಲ್ಲಿ?"

"ಮುಂದಿದೆ."

"ಕಂಬಕ್ಕೂ ಕಾಲು ಬಂತಾ?"

ಅವರು ನಿಂತಿದ್ದು ಥ್ಯಾಂಕ್‌ಫುಲ್ ಬಾರ್ನಮ್ ಎಂಬ ವಿಧವೆಯ ಹುರುಳಿಕಾಯಿ ಹೊಲದ ಅಂಚಿನಲ್ಲಿ. ಆ ಐದು ಮನೆಗಳಲ್ಲಿ ಒಂದು ಆಕೆಯದು. ಆಕೆ ಗುದ್ದಲಿ ಊರಿಕೊಂಡು ನೋಡುತ್ತಿದ್ದಳು.

"ಅಳೀರಿ ಪ್ರೌಟಿಯವ್ರೇ, ಚೆನ್ನಾಗಿ ಅಳೀರಿ. ನನ್ನ ಗಂಡನ್ನ ಆ ಮೇಪಲ್ ಮರದಡಿ ಮಣ್ಣು ಮಾಡಿದೀನಿ. ಅವ್ನೂ ನಿಮ್ಮೂರಿಗೆ ಸೇರ್ತಾನಾ ನೋಡಿ ಹೇಳಿ."

ಪ್ರೌಟಿ ಮತ್ತೊಮ್ಮೆ ಮೊದಲಿನಿಂದ ಅಳೆದರು. ಕಂಬ ಅಷ್ಟೇ ದೂರದಲ್ಲಿತ್ತು. ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಗೆ ಕಾಳಿನ ವಿಷಯ ಹೇಳಿದರು: ಅಂದು ತಿಂದದ್ದು ಬಲಜೇಬಿನ ಕಾಳು, ಅದಕ್ಕೇ ಕಂಬ ಡನ್‌ಬರೋ ನೆಲಕ್ಕೆ ದಾಟಿತ್ತು.

"ಇದನ್ನ ಸಭೇಲಿ ಹೇಳಿದ್ರೆ ಊರೋರು ನಮ್ಮ ಪಕ್ಕ ಕೂರಲ್ಲ," ಎಂದಳು ಮೆಹಿಟಬಲ್.

"ಹೇಳದಿದ್ರೆ?"

"ಅದನ್ನ ನೀವೇ ಅಳೆದ್ಕೊಳ್ಳಿ."

ಅಕ್ಟೋಬರಿನ ಆ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಸಭೆಯಲ್ಲಿ ಮಸೂದೆ ಓದಿದರು. ಕಿಟಕಿಯ ಬಳಿಯ ಬೆಂಚಿನಲ್ಲಿ ಹೊಳೆದಂಡೆಯ ಉಳಿದ ನಾಲ್ಕು ಮನೆಗಳಿಂದ ಗಾಡಿಯಲ್ಲಿ ಬಂದ ರೈತರೂ ಥ್ಯಾಂಕ್‌ಫುಲ್ ಬಾರ್ನಮ್ ಕೂಡ ಕೂತಿದ್ದರು. ಅವರೂ ಹಿಂದೆ ಅಳತೆ ಹಾಕಿಸಿದ್ದರು. ತಮ್ಮ ಲಾಭಕ್ಕೆ ಅಳೆದದ್ದೆಂದು ಸಭೆ ಅದನ್ನು ತಳ್ಳಿಹಾಕಿತ್ತು. ಸಭಾಧ್ಯಕ್ಷರು ಕೇಳಿದರು:

"ಎಲ್ಮ್‌ಫೀಲ್ಡಿನ ಸದಸ್ಯರು ಈ ಅಳತೆ ಸರಿ ಅಂತ ಹೇಳ್ತಾರಾ?"

ಪ್ರೌಟಿ ಎದ್ದರು. ಊರಸಭೆಯ ಆದೇಶ ಕೋಟಿನ ಒಳಗಿತ್ತು. ಅವರ ಕೈ ಅದರ ಮೇಲೆ ಹೋಗಿ ಹಾಗೆಯೇ ನಿಂತಿತು. ಕರ್ನಲ್ ಅವರತ್ತ ತಿರುಗಿ ತಲೆಯಾಡಿಸಿದರು, ಹೂಂ ಅನ್ನಿ ಎಂಬಂತೆ.

"ಹೇಳಕ್ಕಾಗಲ್ಲ ಸ್ವಾಮಿ. ತಪ್ಪು ನನ್ನದು. ಲೆಕ್ಕದ ಕಾಳು ಒಂದನ್ನ ತಿಂದ್ಬಿಟ್ಟಿದ್ದೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕರ್ನಲ್ ಎದ್ದರು, ಮುಖ ಕೆಂಪಾಗಿತ್ತು.

"ಸ್ವಾಮಿ, ನಮ್ಮ ಪ್ರೌಟಿಯವ್ರಿಗೆ ಏನು ಹಸಿವು ನೋಡಿ! ಒಂದೇ ತುತ್ತಿಗೆ ಐದು ಹೊಲ ನುಂಗವ್ರೆ. ಇಷ್ಟು ವರ್ಷ ತೇಗೂ ಬರ್ಲಿಲ್ವಾ?"

"ನುಂಗಿದ್ದು ನಿಜ," ಎಂದರು ಪ್ರೌಟಿ. "ಅದಕ್ಕೇ ಕಕ್ಕೋಕೆ ನಿಂತಿದೀನಿ."

ಆ ಬೆಳಿಗ್ಗೆಯ ಮಾತಿಗೆ ಅವರು ತೆತ್ತ ಬೆಲೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮಸೂದೆ ಬಿತ್ತು, ಐದು ಕುಟುಂಬಗಳು ಉಳಿದವು. ಮುಂದಿನ ಸೆಪ್ಟೆಂಬರಿನ ಚುನಾವಣೆಯಲ್ಲಿ ಪ್ರೌಟಿಯವರಿಗೆ ಬಂದದ್ದು ಹನ್ನೊಂದು ಮತ. ನಮ್ಮ ಊರಿನವರು ಅವರನ್ನು ಮತ್ತೆ ಅಳತೆಗೆ ಕರೆಯಲಿಲ್ಲ. ಅಪ್ಪನ ಕಸುಬಿಗೆ ಮರಳಿ, 1812ರಲ್ಲಿ ಸಾಯುವವರೆಗೆ ಪೀಪಾಯಿ ಮಾಡಿದರು. ಡನ್‌ಬರೋದವರು ಮಾತ್ರ ಸೇಬಿನ ಮದ್ಯಕ್ಕೆ ಬೇರೆಯವರ ಪೀಪಾಯಿ ಕೊಳ್ಳುತ್ತಿರಲಿಲ್ಲ.

ಆದರೆ ಅವೆಲ್ಲ ಆಮೇಲಿನ ಮಾತು. ಆಗ ಪ್ರೌಟಿ ಇನ್ನೂ ನಿಂತೇ ಇದ್ದರು. ಸಭಾಧ್ಯಕ್ಷರು ಮೇಜು ಬಡಿದು ನಗೆ ನಿಲ್ಲಿಸಿದರು. ಗುಮಾಸ್ತ ಗರಿ ಲೇಖನಿಯನ್ನು ಶಾಯಿಗೆ ಅದ್ದಿ ಕೇಳಿದ:

"ಬಾಯಿಮಾತು ಸಾಲ್ದು ಪ್ರೌಟಿಯವ್ರೇ. ಕಂಬದವರೆಗೆ ಎಷ್ಟು ಸರಪಳಿ ಇದೆ? ಬರ್ಕೋಬೇಕು, ಗಟ್ಟಿಯಾಗಿ ಹೇಳಿ."

"ನಾನೂರ ತೊಂಬತ್ತು."