ಡೈರಿಯಲ್ಲಿ ನನ್ನ ಲ್ಯಾಪ್‌ಟಾಪ್

ಕಳೆದ ಭಾನುವಾರ ಸಂಜೆ ನನ್ನ ಲ್ಯಾಪ್‌ಟಾಪ್ ಹಾಲಿನ ಫ್ಯಾಟ್ ನೋಡಿತು. ನಂಬಲಿಲ್ಲ ಅಲ್ಲವೇ? ಹಿಂದಿನ ದಿನ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ನನ್ನ ಅಕ್ಕ ರತ್ನಮ್ಮ ಇದ್ದಾಳೆ. ಅಲ್ಲಿನ ಮಹಿಳಾ ಡೈರಿಗೆ ಅವಳೇ ಕಾರ್ಯದರ್ಶಿ. ನಾನಿರುವ ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು ಹಿಡಿದು ಹೋದರೆ ಮನೆಗೆ ಬೀಗ. ನೇರ ಡೈರಿಗೆ ನಡೆದೆ. ಬಾಗಿಲ ತುಂಬ ಕ್ಯಾನ್ ಹಿಡಿದ ಹೆಂಗಸರು. ಕ್ಯೂ ಮಾತ್ರ ಕದಲುತ್ತಿಲ್ಲ.

ಆಗಿದ್ದು ಇಷ್ಟು. ಡೈರಿಯ ಹಳೇ ಕಂಪ್ಯೂಟರ್ ಕೈಕೊಟ್ಟಿತ್ತು. ಅಂದು ಮಧ್ಯಾಹ್ನವಷ್ಟೇ ಹೊಸದನ್ನು ಕೂರಿಸಿ ಹೋಗಿದ್ದರು, ಹೊಸ ಆಪರೇಟಿಂಗ್ ಸಿಸ್ಟಂ ಸಮೇತ. ಎಲ್ಲ ಚೆಂದ. ಆದರೆ ಹಾಲಿಗೆ ರೇಟು ಕಟ್ಟಲು ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡುವ ಯಂತ್ರದ ವೈರ್ ಸಿಕ್ಕಿಸಿದರೆ, ಈ ಡಿವೈಸ್ ಯಾವುದೋ ಗೊತ್ತಿಲ್ಲ ಎನ್ನುತ್ತಿತ್ತು. (ಯಂತ್ರದ ಸ್ವಂತ ಪರದೆ ಕೆಟ್ಟು ವರ್ಷಗಳಾಗಿವೆ. ಕಂಪ್ಯೂಟರ್ ಮಾತಾಡಿಸಿದರೆ ಮಾತ್ರ ಅದು ಅಂಕಿ ಹೇಳುತ್ತದೆ.) ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದರೆ, ಆ ಹಳೇ ವೈರಿಗೆ ಹೊಸ ಸಿಸ್ಟಂನಲ್ಲಿ ಡ್ರೈವರ್, ಅಂದರೆ ಅದನ್ನು ಗುರುತಿಸುವ ಸಾಫ್ಟ್‌ವೇರ್, ಇಲ್ಲ, ನಾಳೆ ಬೇರೆ ವೈರ್ ತರುತ್ತೇನೆ ಎಂದನಂತೆ.

ಹೊರಗೆ ಟ್ಯಾಂಕರ್ ಡ್ರೈವರ್ ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದ.

ಇವತ್ತೊಂದು ಹೊತ್ತು ಎಲ್ಲರಿಗೂ ಒಂದೇ ರೇಟು ಹಾಕಿ ಎಂದರು ಯಾರೋ. ಅರ್ಧ ಕ್ಯೂ ತಕ್ಷಣ ಒಪ್ಪಿತು. (ಯಾವ ಅರ್ಧ ಎಂದು ನೀವೇ ಊಹಿಸಿ.) ಒಪ್ಪದವಳು ನಾರಾಯಣಮ್ಮ. ಇರುವುದು ಒಂದೇ ಹಸು. ಕೂಲಿಗೆ ಹೋಗಿ ಬಂದು ಅದಕ್ಕೆ ಹಿಂಡಿ ಹಾಕುವ ಹೆಂಗಸು. ಕ್ಯಾನಿನ ಮುಚ್ಚಳ ಬಿಗಿ ಮಾಡಿದಳು.

"ನೀರಾಲ್ಗೂ ನನ್ನಾಲ್ಗೂ ಒಂದೇ ರೇಟಾ ರತ್ನಕ್ಕ? ಅಂಗಾದ್ರೆ ನಾನು ಮನೆಗೇ ತಕ್ಕೊಂಡೋಗ್ತೀನಿ."

ಅಕ್ಕನ ಮುಖ ಸಣ್ಣದಾಯಿತು. ನಾರಾಯಣಮ್ಮ ಹೇಳುವುದರಲ್ಲಿ ತಪ್ಪೇನಿದೆ? ಹಾಗಂತ ಇಷ್ಟು ಜನರ ಹಾಲು ಸೆಕೆಯಲ್ಲಿ ಒಡೆಯಲು ಬಿಡುವುದೇ? ಅಷ್ಟರಲ್ಲಿ ಅವಳ ಕಣ್ಣು ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಬಿತ್ತು.

"ನೀನು ಬೇರೆ ತರದ್ದೇನೋ ಮಡಗಿದ್ದೀಯಲ್ಲ, ಅದಕ್ಕೆ ಸಿಕ್ಸಿ ನೋಡ್ಲಾ."

ಬೇರೆ ತರದ್ದು ಎಂದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಬಿಟ್ಟಿ ಸಿಗುತ್ತದೆಂದು ಹಾಕಿಕೊಂಡಿದ್ದು. ನನ್ನ ಮನೆಯ ಪ್ರಿಂಟರನ್ನೇ ಅದು ಇವತ್ತಿಗೂ ಗುರುತಿಸಿಲ್ಲ. (ಒಂದು ಹಾಳೆ ಪ್ರಿಂಟಿಗೂ ಆಂಡರ್ಸನ್‌ಪೇಟೆಯ ಅಂಗಡಿಗೆ ಹೋಗುತ್ತೇನೆ.) ಇಷ್ಟು ಜನರ ಮುಂದೆ ಮಾನ ಹೋಯಿತು ಎಂದುಕೊಂಡೇ ವೈರ್ ಸಿಕ್ಕಿಸಿದೆ.

ಲ್ಯಾಪ್‌ಟಾಪ್ ತಕರಾರು ಮಾಡಲಿಲ್ಲ. ಹಳೇ ವೈರುಗಳ ಡ್ರೈವರ್‌ಗಳನ್ನು ಲಿನಕ್ಸ್ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಎರಡು ಕಮಾಂಡ್ ಹೊಡೆದೆ, ಅಕ್ಕ ತನ್ನ ಹಸುವಿನ ಹಾಲನ್ನೇ ಮೊದಲು ಇಟ್ಟಳು, ಕಪ್ಪು ಪರದೆಯ ಮೇಲೆ ಅಂಕಿಗಳ ಸಾಲು ಇಳಿಯಿತು.

ಕ್ಯೂ ಕದಲಿತು. ನನ್ನ ಪರದೆ ನೋಡಿ ನಾನು ಅಂಕಿ ಓದುವುದು, ಅಕ್ಕ ಅದನ್ನು ಹೊಸ ಕಂಪ್ಯೂಟರಿಗೆ ಟೈಪ್ ಮಾಡುವುದು. ನಾರಾಯಣಮ್ಮನ ಸರದಿ ಬಂತು. ಅಂದಿನ ಫ್ಯಾಟ್‌ನಲ್ಲಿ ಅವಳದೇ ಎಲ್ಲರಿಗಿಂತ ಹೆಚ್ಚು.

"ಇನ್ನೊಂದ್ಸಲ ಓದಣ್ಣ," ಎಂದಳು ಮೆಲ್ಲಗೆ. "ಎಲ್ರಿಗೂ ಕೇಳ್ಲಿ."

ಬೀದಿಗೆಲ್ಲ ಕೇಳುವಂತೆ ಓದಿದೆ. ಕ್ಯೂನಲ್ಲಿ ನಗು ಎದ್ದಿತು, ಅವಳೂ ನಕ್ಕಳು.

ಟ್ಯಾಂಕರ್ ಹೊರಟಿತು. ಮರುದಿನ ಹೊಸ ವೈರ್ ಬಂತು, ಸಂಜೆಗೆ ಲ್ಯಾಪ್‌ಟಾಪ್ ಹಾಲಿನ ವಾಸನೆ ಹೊತ್ತು ಮನೆ ಸೇರಿತು.

ಹೊಸ ಕಂಪ್ಯೂಟರ್ ಎಷ್ಟು ಫಾಸ್ಟ್ ಎಂದು ಎಲ್ಲರೂ ಕೇಳುತ್ತೇವೆ. ನಮ್ಮಲ್ಲಿ ಈಗಾಗಲೇ ದುಡಿಯುತ್ತಿರುವುದರ ಜೊತೆ ಅದು ಹೊಂದಿಕೊಂಡು ಹೋಗುತ್ತದೆಯೇ ಎಂದು ಕೇಳುವುದು ಯಾವಾಗ?