ದೊಡ್ಡವ್ವ ಆರಿಸಿದ ಬಿಳಿ ಬಲೆ

ನಿಮಗೂ ಹೀಗೆ ಆಗಿದೆಯಾ ಹೇಳಿ. ಬೆಳಗ್ಗೆ ಎದ್ದು, ಕಣ್ಣು ಇನ್ನೂ ಸರಿಯಾಗಿ ಬಿಟ್ಟಿರುವುದಿಲ್ಲ, ಹಿತ್ತಲ ಬಾಗಿಲು ತೆಗೆದು ಒಂದು ಹೆಜ್ಜೆ ಇಟ್ಟ ಕೂಡಲೇ ಮುಖಕ್ಕೆ ಏನೋ ಅಂಟಿಕೊಳ್ಳುತ್ತದೆ. ಕಾಣುವುದಿಲ್ಲ. ಹುಬ್ಬಿಗೆ, ತುಟಿಗೆ, ಕಿವಿಯ ಹಿಂದೆ ಎಲ್ಲಾ ಎಳೆ ಎಳೆ. ಎಷ್ಟು ಒರೆಸಿಕೊಂಡರೂ ಇನ್ನೊಂದು ಎಳೆ ಎಲ್ಲೋ ಉಳಿದಿದೆ ಅನ್ನಿಸುತ್ತಲೇ ಇರುತ್ತದೆ.

ಮೊನ್ನೆ ನನಗೆ ಹಾಗಾಯಿತು. ನಾವೀಗ ಇರುವುದು ಹೊಸಪೇಟೆಯಲ್ಲಿ, ಟಿ.ಬಿ. ಡ್ಯಾಂ ಕಡೆ. ಕರಿಬೇವಿನ ಗಿಡಕ್ಕೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಒಂದು ಜೇಡ ರಾತ್ರೋರಾತ್ರಿ ತಟ್ಟೆಯಗಲದ ದುಂಡು ಬಲೆ ನೇಯ್ದಿತ್ತು. ನಾನು ಅರ್ಧ ಹರಿದ ಮೇಲೆ ಗೊತ್ತಾಗಿದ್ದು. "ಕಸಬರಿಗಿ ತರ್ಲೇನವ್ವಾ?" ಅಂತ ಮಗಳು ಒಳಗಿನಿಂದ ಕೂಗಿದಳು. ನಾನು ಹುಬ್ಬಿನ ಮೇಲಿನ ಎಳೆ ಬಿಡಿಸಿಕೊಳ್ಳುತ್ತಿದ್ದೆ. ಆ ಎಳೆಗಳನ್ನು ಬೆರಳಲ್ಲಿ ಉಜ್ಜಿದರೆ ಸಣ್ಣ ಉಂಡೆಯಾಗುತ್ತದೆ ನೋಡಿ... ಆ ಉಂಡೆ ನೋಡಿದ್ದೇ ಯಶವಂತನಗರದ ದೊಡ್ಡವ್ವ ನೆನಪಾದಳು. ನೆನಪಾದಳು ಅಂದರೆ, ಆವತ್ತು ಒಲೆ ಹಚ್ಚಲೂ ಮನಸ್ಸಾಗಲಿಲ್ಲ.

ನಾನು ಮದುವೆಯಾಗಿ ತವರೂರು ಮೆಟ್ರಿಯಿಂದ ಸಂಡೂರಿನ ಹತ್ತಿರದ ಯಶವಂತನಗರಕ್ಕೆ ಬಂದಾಗ ಅವಳದು ಪಕ್ಕದ ಮನೆ. ರಕ್ತಸಂಬಂಧ ಏನೂ ಇರಲಿಲ್ಲ. ಇಡೀ ಸಾಲಿನವರು ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಅವಳ ಗಂಡ ಹಾಗೇ ದೊಡ್ಡಪ್ಪ ಆದ. ಅವನು ಗಣಿಯಲ್ಲಿ ಲಾರಿಗೆ ಕಬ್ಬಿಣದ ಅದಿರು ತುಂಬುವವನು, ನನ್ನ ಗಂಡನೂ ಅದೇ ಗಣಿಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಒಂದು ಎಮ್ಮೆ ಇತ್ತು, ಅದರ ಸಗಣಿ ತೆಗೆಯುವಾಗಲೂ ಗಂಡ ಹೆಂಡತಿ ಜಗಳ ಆಡುತ್ತಾ ನಗುತ್ತಿದ್ದರು.

ದೊಡ್ಡವ್ವ ಗಾಯಕ್ಕೆ ಜೇಡರ ಬಲೆ ಕಟ್ಟುತ್ತಿದ್ದಳು. ನಗಬೇಡಿ, ನಿಮ್ಮ ಅಜ್ಜಿಯೂ ಕಟ್ಟಿರುತ್ತಾಳೆ. ಗಣಿ ಅಂದ ಮೇಲೆ ದಿನಾ ಯಾರಾದರೂ ಏನಾದರೂ ಕೊಯ್ದುಕೊಳ್ಳುವುದೇ. ಸಲಿಕೆ ತಗುಲಿದವರು, ತಗಡಿಂದ ಗೀರಿಸಿಕೊಂಡವರು, ಲಾರಿಯ ಬಾಗಿಲಲ್ಲಿ ಬೆರಳು ಜಜ್ಜಿಕೊಂಡವರು, ಎಲ್ಲರೂ ಅವಳ ಬಾಗಿಲಿಗೆ ಬರುತ್ತಿದ್ದರು. ಉಂಡೆ ಮಾಡಿದ ಬಲೆಯನ್ನು ಗಾಯದ ಮೇಲೆ ಒತ್ತಿ ಬಟ್ಟೆ ಕಟ್ಟಿದರೆ ರಕ್ತ ನಿಲ್ಲುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ಮನೆಗಳ ಹಿಂದೆ ಜಾಲಿ ಬೇಲಿ ಇತ್ತು. ಸೂರ್ಯ ಹುಟ್ಟುವ ಮೊದಲು ಅವಳು ಒಂದು ಜೋಳದ ದಂಟು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ತಡವಾದರೆ ಜೇಡ ತನ್ನ ಬಲೆಯನ್ನು ತಾನೇ ಸುತ್ತಿ ತಿಂದುಬಿಡುತ್ತದೆ ಅನ್ನುತ್ತಿದ್ದಳು. ಮೊದಲು ಜೇಡವನ್ನು ಮೆಲ್ಲಗೆ ಎಬ್ಬಿಸಿ ಎಲೆಯ ಮೇಲೆ ಬಿಡಬೇಕು, ಆಮೇಲೆ ಬಲೆಯನ್ನು ದಂಟಿಗೆ ಸುತ್ತಿಕೊಳ್ಳಬೇಕು. ನಾನು ಒಮ್ಮೆ ಬೇಲಿಯ ಹೊರಗಿನ ಬಲೆ ತೋರಿಸಿದ್ದಕ್ಕೆ ಬೈದಿದ್ದಳು.

"ಅದು ಬ್ಯಾಡಬೇ. ಕೆಂಪಗಾಗೈತಿ ಕಾಣಂಗಿಲ್ಲೇನು? ಧೂಳು ಕುಂತ ನೂಲು ಹುಣ್ಣಿಗೆ ಹಚ್ಚಬಾರದು. ಬೆಳ್ಳಗಿರಬೇಕು, ರಾತ್ರಿ ನೇದದ್ದಿರಬೇಕು."

ಅಷ್ಟೇ ಅವಳ ಶಾಸ್ತ್ರ. ಬಿಳಿ ಇದ್ದರೆ ಶುದ್ಧ, ಕೆಂಪಾದರೆ ಹೊಲಸು.

ಆಮೇಲೆ ಲಾರಿಗಳು ಹೆಚ್ಚಾದವು. ಆ ಕಾಲದ ಸಂಡೂರು ರಸ್ತೆ ಕಂಡವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಹಗಲು ರಾತ್ರಿ ಒಂದರ ಹಿಂದೆ ಒಂದು. ಸೊಪ್ಪು, ಸೀರೆ, ಎಮ್ಮೆಯ ಬೆನ್ನು, ಎಲ್ಲಾ ಕೆಂಪು. ಬೇಲಿಯ ಬಲೆಗಳು ಬೆಳಗಾಗುವುದರೊಳಗೆ ತುಕ್ಕು ಹಿಡಿದ ಜರಡಿಯಂತೆ ಜೋತುಬೀಳುತ್ತಿದ್ದವು. ದೊಡ್ಡವ್ವ ದಂಟು ಹಿಡಿದುಕೊಂಡು ಬೇಲಿಯ ಉದ್ದಕ್ಕೂ ನಡೆದು ಬರಿಗೈಯಲ್ಲಿ ಬರುತ್ತಿದ್ದಳು.

ಅಂಥಾ ದಿನಗಳಲ್ಲೇ ಒಂದು ಮಧ್ಯಾಹ್ನ ದೊಡ್ಡಪ್ಪ ಕುಂಟುತ್ತಾ ಬಂದ. ಹಳೇ ತಗಡಿನ ಮೇಲೆ ಕಾಲಿಟ್ಟು ಪಾದ ಸೀಳಿಕೊಂಡಿದ್ದ. ನಾನು ಅವರ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದೆ. ರಕ್ತ ನೋಡಿ ನಾನು ಸೊಪ್ಪು ಬಿಟ್ಟು ಎದ್ದೆ, ಅವನು ಮಾತ್ರ ಬೀಡಿ ಹುಡುಕುತ್ತಿದ್ದ.

"ದವಾಖಾನಿಗೆ ಹೋಗಿ ಸೂಜಿ ಮಾಡಿಸ್ಕೊಂಡು ಬಂದುಬಿಡ್ತೀನಿ ತಗೋ. ತುಕ್ಕು ಹಿಡಿದ ತಗಡು ಅದು," ಅಂದ.

ದೊಡ್ಡವ್ವನಿಗೆ ಸಿಟ್ಟು ಬಂತು. "ಊರ ಮಂದಿ ಕಾಲೆಲ್ಲಾ ನಾ ಕಟ್ಟೀನಿ. ನನ್ನ ಗಂಡನ ಸೂಜಿಗೆ ಓಡಿದ್ರ ನಾಳೆ ನನ್ನ ಬಾಗಿಲಿಗೆ ಯಾರು ಬರ್ತಾರ?"

"ಬರದಿದ್ರ ಚಲೋನ ಆತಲ್ಲ. ನನಗ ಚಾ ಆದ್ರೂ ಟೈಮಿಗೆ ಸಿಗ್ತೈತಿ."

"ಸುಮ್ನ ಕುಂದ್ರು."

ಅವನು ನಕ್ಕು ಕೂತ. ಅವಳು ಬೇಲಿಗೆ ಹೋದಳು, ಎಲ್ಲಾ ಕೆಂಪು. ಮನೆ ಸುತ್ತಿ ಎಮ್ಮೆಯ ಕೊಟ್ಟಿಗೆಗೆ ಹೋದಳು. ಅದು ರಸ್ತೆಗೆ ಬೆನ್ನು ಮಾಡಿ ಮೂರು ಕಡೆ ಮುಚ್ಚಿತ್ತು, ಅಲ್ಲಿಗೆ ಧೂಳು ಹೋಗುತ್ತಿರಲಿಲ್ಲ. ಕಂಬಗಳ ನಡುವೆ, ಸಗಣಿ ಗುಂಡಿಯ ಸರೀ ಮೇಲೆ, ಒಂದು ದುಂಡು ಬಲೆ. ಹಾಲಿನಷ್ಟು ಬಿಳಿ. ಅದನ್ನು ದಂಟಿಗೆ ಸುತ್ತಿಕೊಂಡು ಬಂದಾಗ ಅವಳ ಮುಖದಲ್ಲಿದ್ದ ಸಮಾಧಾನ ನನಗೆ ಇವತ್ತೂ ಕಾಣುತ್ತದೆ. ಇಡೀ ಯಶವಂತನಗರದಲ್ಲಿ ಉಳಿದ ಒಂದೇ ಒಂದು ಶುದ್ಧ ಬಲೆ ತನ್ನ ಗಂಡನಿಗೆ ಸಿಕ್ಕಿತು ಅನ್ನುವ ಸಮಾಧಾನ...

ರಕ್ತ ನಿಂತಿತು. ಗಾಯ ಮೇಲೆಲ್ಲಾ ಚೆನ್ನಾಗಿ ಕೂಡಿಕೊಂಡಿತು, ಕೀವಿಲ್ಲ, ಬಾವಿಲ್ಲ. ದೊಡ್ಡಪ್ಪ ಕೆಲಸಕ್ಕೂ ಹೋದ. ವಾರ ಕಳೆದಿರಬೇಕು. ಒಂದು ದಿನ ರೊಟ್ಟಿ ಮುರಿದು ಬಾಯಿಗಿಡಲು ಹೋದರೆ ಬಾಯಿ ತೆರೆಯಲಿಲ್ಲ. ಹಲ್ಲುನೋವು ಅಂದುಕೊಂಡರು. ದೊಡ್ಡವ್ವ ಎಣ್ಣೆ ಬಿಸಿ ಮಾಡಿ ದವಡೆಗೆ ತಿಕ್ಕುತ್ತಾ ನನ್ನ ಕಡೆ ತಿರುಗಿ, "ನೋಡಬೇ, ಇಷ್ಟು ವರ್ಷ ಬಾಯಿ ಮುಚ್ಚೋ ಅಂದ್ರ ಮುಚ್ಚಲಿಲ್ಲ. ಈಗ ತೆರಿ ಅಂದ್ರ ತೆರಿವಲ್ಲ," ಅಂದಳು. ನಾವಿಬ್ಬರೂ ನಕ್ಕೆವು. ಅವನೂ ನಗಲು ನೋಡಿದ. ಆದರೆ ಆ ನಗು ಮುಖದ ಮೇಲೆ ಹಾಗೇ ಗಟ್ಟಿಯಾಗಿ ನಿಂತುಬಿಟ್ಟಿತು, ಇಳಿಯಲೇ ಇಲ್ಲ. ಆಗ ಹೆದರಿದೆವು.

ಮರುದಿನ ಬೆಳಗ್ಗೆ ಕುತ್ತಿಗೆ ಬಿಗಿಯಿತು, ಆಮೇಲೆ ಬೆನ್ನು. ಹೊರಗೆ ಲಾರಿ ಹಾರ್ನ್ ಹೊಡೆದರೆ ಸಾಕು, ಅವನ ಮೈಯೆಲ್ಲಾ ಬಿಲ್ಲಿನಂತೆ ಬಾಗುತ್ತಿತ್ತು. ತಲೆ ಮತ್ತು ಹಿಮ್ಮಡಿ ಮಾತ್ರ ನೆಲಕ್ಕೆ. ಎಚ್ಚರ ಪೂರ್ತಿ ಇತ್ತು, ಅದೇ ಘೋರ. ನನ್ನ ಗಂಡ ಜೀಪು ತರಲು ಓಡಿದ. ದೊಡ್ಡವ್ವ ಬರಿಗಾಲಲ್ಲಿ ರಸ್ತೆಗೆ ಓಡಿದಳು. ಎರಡೂ ಕೈ ಎತ್ತಿ ಲಾರಿಗಳ ಮುಂದೆ ನಿಂತು, "ಹಾರ್ನ್ ಹೊಡಿಬ್ಯಾಡ್ರಪೋ! ನಿಮ್ಮ ಕಾಲಿಗೆ ಬೀಳ್ತೀನಿ, ಹೊಡಿಬ್ಯಾಡ್ರಿ!" ಅಂತ ಕೂಗುತ್ತಿದ್ದಳು. ಮುದುಕಿ ಅಡ್ಡ ಬಂದಳು ಅಂತ ಅವರು ಮತ್ತಷ್ಟು ಹೊಡೆದರು. ನಾನು ಒಳಗೆ ಅವನ ತಲೆಯ ಕೆಳಗೆ ಕೈ ಕೊಟ್ಟು ಕೂತಿದ್ದೆ. ಒಂದೊಂದು ಹಾರ್ನಿಗೂ ಒಂದೊಂದು ಸಲ...

ಬಳ್ಳಾರಿಗೆ ಒಯ್ದೆವು. ಧನುರ್ವಾಯು ಅಂದರು. ಕತ್ತಲು ಮಾಡಿದ ಕೋಣೆಯಲ್ಲಿ ಮಲಗಿಸಿದರು. ಗಾಯಕ್ಕೆ ಏನು ಹಚ್ಚಿದ್ದಿರಿ ಅಂತ ಡಾಕ್ಟರು ಕೇಳಿದರು. ದೊಡ್ಡವ್ವ ಒಂದನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ಬೈಯಲಿಲ್ಲ. ಆ ರೋಗ ಮಣ್ಣಲ್ಲಿ ಇರುತ್ತದೆ, ಸಗಣಿಯಲ್ಲಿ ಇರುತ್ತದೆ, ತಗಡಿಂದಲೇ ಬಂದಿರಬಹುದು, ಬಲೆಯಿಂದಲೂ ಬಂದಿರಬಹುದು, ಯಾರಿಗೆ ಗೊತ್ತು ಅಂದರು. ಆಮೇಲೆ ಒಂದೇ ಮಾತು ಕೇಳಿದರು. "ಸೂಜಿ ಯಾಕ ಮಾಡಿಸ್ಲಿಲ್ಲಮ್ಮಾ?"

ದೊಡ್ಡಪ್ಪ ಆ ಕೋಣೆಯಿಂದ ಎದ್ದು ಬರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ದಿನಕರ್ಮ ಮುಗಿದು ಇನ್ನೂ ಸ್ವಲ್ಪ ದಿನ ಆಗಿತ್ತಷ್ಟೇ, ಲಾರಿ ಕ್ಲೀನರ್ ಒಬ್ಬ ಬೆರಳು ಕೊಯ್ದುಕೊಂಡು ಅವಳ ಬಾಗಿಲಿಗೆ ಬಂದ. "ಸ್ವಲ್ಪ ನೂಲು ಹಾಕಿ ಕಟ್ಟು ದೊಡ್ಡವ್ವ," ಅಂದ. ಅವಳು ಅವನನ್ನೇ ನೋಡಿದಳು. ಅವನು ಸಮಾಧಾನ ಮಾಡುವವನ ಹಾಗೆ, "ದೊಡ್ಡಪ್ಪಂದು ಆಯುಷ್ಯ ತೀರಿತ್ತು ಬಿಡು. ನಿನ್ನ ಕೈಗುಣಕ್ಕ ಏನಾಗೈತಿ?" ಅಂದ.

ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಒಬ್ಬರಾದರೂ ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ಅವಳು ಆ ಹುಡುಗನ ರಟ್ಟೆ ಹಿಡಿದು ದವಾಖಾನೆಯವರೆಗೂ ಎಳೆದುಕೊಂಡು ಹೋದಳು. ಅಲ್ಲಿಂದ ಬಂದವಳೇ ಬಡಿಗೆ ತಗೊಂಡು ಬೇಲಿಗೆ ನುಗ್ಗಿದಳು. ಬಲೆ, ಜೇಡ, ಎಲೆ ಒಂದೂ ನೋಡಲಿಲ್ಲ. ನೆಲಕ್ಕೆ ಬಿದ್ದ ಜೇಡಗಳನ್ನು ಹಿಮ್ಮಡಿಯಿಂದ ಹೊಸಕಿದಳು. ಮರುದಿನ ಬೆಳಗ್ಗೆ ನೋಡಿದರೆ ಅದೇ ಜಾಗದಲ್ಲಿ ಮತ್ತೆ ಬಲೆಗಳು. ಮತ್ತೆ ಬಡಿದಳು. ಮತ್ತೆ ನೇಯ್ದವು. ರಸ್ತೆ ಅಗಲ ಮಾಡಲು ಬಂದವರು ಬೇಲಿಯನ್ನೇ ಕಿತ್ತು ಹಾಕುವವರೆಗೂ ಇದು ನಡೆಯಿತು.

ನಾವು ಹೊಸಪೇಟೆಗೆ ಬಂದ ಮೇಲೆ ಅವಳನ್ನು ನೋಡಿದ್ದು ಒಂದೇ ಸಲ, ಸಂಡೂರಿನ ಬಸ್ ಸ್ಟ್ಯಾಂಡಿನಲ್ಲಿ. ನನ್ನ ಹೆಬ್ಬೆರಳಿಗೆ ಈಳಿಗೆ ತಗುಲಿ ಪಟ್ಟಿ ಹಾಕಿಕೊಂಡಿದ್ದೆ. ಅವಳು ಮುಖ ನೋಡುವುದಕ್ಕಿಂತ ಮೊದಲು ಆ ಪಟ್ಟಿ ನೋಡಿದಳು. ಆರಾಮ ಇದ್ದೀಯಾ, ಮಕ್ಕಳೆಷ್ಟು, ಏನೂ ಇಲ್ಲ.

"ಸೂಜಿ ಆತೇನಬೇ?"

"ಆಗೈತಿ ದೊಡ್ಡವ್ವ."

"ಖರೇ?"

"ಖರೇನ."

ಬಸ್ಸು ಬರುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ. ಇನ್ನೂ ಎರಡು ಸಲ ಕೇಳಿದಳು. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ತಿಂಗಳುಗಳೇ ಕಳೆದಿದ್ದವು. ಮಣ್ಣಿಗೆ ಹೋಗಲಾಗಲಿಲ್ಲ, ಅವಳದೊಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ನೀವೂ ಹೇಳಿ. ಬಲೆ, ಅರಿಶಿನ, ಬೂದಿ, ಸುಣ್ಣ, ನಿಮ್ಮ ಮನೆಯಲ್ಲಿ ಗಾಯಕ್ಕೆ ಏನು ಹಚ್ಚುತ್ತಿದ್ದರು, ಯಾರು ಹಚ್ಚುತ್ತಿದ್ದರು? "ನಮ್ಮಜ್ಜಿ ಹಚ್ಚಿದ್ದಕ್ಕೆ ಎರಡೇ ದಿನದಲ್ಲಿ ವಾಸಿಯಾಯ್ತು" ಅನ್ನುವವರು ಹೇಗೂ ಬರೆಯುತ್ತೀರಿ, ಬರೆಯಿರಿ. ನಾನು ಕೇಳುತ್ತಿರುವುದು ಇನ್ನೊಬ್ಬರನ್ನು. ವಾಸಿಯಾಗದೆ ಹೋದವರು ಬಂದು ಇಲ್ಲಿ ಕಾಮೆಂಟ್ ಹಾಕುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥವರು ಒಬ್ಬರಿದ್ದರೆ, ಅವರ ಪರವಾಗಿ ನೀವು ಬರೆಯಿರಿ.