ಗ್ಲೆನಿಸಳ ಹಿಂದಿನ ಸೀಟಿನ ಬೆಲ್ಟು

ನಾನು ಹೋದಾಗ ಗ್ಲೆನಿಸ್ ಪರ್ಟೆಲ್ ತನ್ನ ಕಾರಿನ ಹಿಂದಿನ ಸೀಟಿನೊಳಗೆ ತಲೆ ತೂರಿಸಿಕೊಂಡಿದ್ದಳು. ಕಾಣಿಸುತ್ತಿದ್ದದ್ದು ಬೂಟುಗಳು, ಕೇಳಿಸುತ್ತಿದ್ದದ್ದು ಬೈಗುಳ.

ಮಧ್ಯಾಹ್ನ ಮಕ್ಕಳ ಇಲಾಖೆಯ ಮಿರಿಯಮ್ ಬರುವವಳಿದ್ದಳು. ಮನೆ, ಹಾಸಿಗೆ, ನೀರಿನ ತೊಟ್ಟಿಯ ಸುತ್ತಲ ಬೇಲಿ ಎಲ್ಲವನ್ನೂ ಹಿಂದಿನ ಸಲವೇ ನೋಡಿ ಹೋಗಿದ್ದಳು. ಉಳಿದದ್ದು ಕಾರು. ಅದು ಸರಿಯಿದ್ದರೆ ಮೊಮ್ಮಗಳು ಇಂಡಿ ಅಜ್ಜಿಯ ಮನೆಗೆ ಬರುತ್ತಾಳೆ. ಇಲ್ಲದಿದ್ದರೆ ಪಟ್ಟಣದಲ್ಲಿ ಯಾರದೋ ಮನೆಯಲ್ಲೇ ಇರುತ್ತಾಳೆ. ಇಂಡಿಯ ತಾಯಿ ಟೆಗನ್, ಗ್ಲೆನಿಸಳ ಒಬ್ಬಳೇ ಮಗಳು, ಹೋದ ಚಳಿಗಾಲದಲ್ಲಿ ಬೂಲಿಗಲ್ ರಸ್ತೆಯಲ್ಲಿ ಕಾಂಗರೂ ತಪ್ಪಿಸಲು ಹೋಗಿ ಕಾರು ಮಗುಚಿ ಸತ್ತಳು. ಹಿಂದೆ ಬೆಲ್ಟು ಹಾಕಿಕೊಂಡು ಕೂತಿದ್ದ ಮಗುವಿಗೆ ಒಂದು ಗೀರೂ ಆಗಲಿಲ್ಲ. ಟೆಗನ್ ಕಾರಿನಿಂದ ದೂರ ಹೋಗಿ ಬಿದ್ದಿದ್ದಳು. ಅವಳು ಬೆಲ್ಟು ಹಾಕಿರಲಿಲ್ಲ ಎನ್ನುವುದು ಸುತ್ತಲಿನವರಿಗೆಲ್ಲ ಗೊತ್ತು. ಗ್ಲೆನಿಸಳ ಮುಂದೆ ಯಾರೂ ಆ ಮಾತೆತ್ತುತ್ತಿರಲಿಲ್ಲ, ನಾನೂ ಸೇರಿದಂತೆ.

ಹಿಂದಿನ ಬೆಲ್ಟಿಗೆ ಅವಳ ನಾಯಿಯನ್ನು ಕಟ್ಟಿ ಕಟ್ಟಿ ಅದು ತಿರುಚಿಕೊಂಡುಬಿಟ್ಟಿತ್ತು. ಕೊಂಡಿಯೊಳಗೆ ಸಿಕ್ಕಿಸುವ ಲೋಹದ ನಾಲಗೆಯ ಹತ್ತಿರ ಪಟ್ಟಿ ಮಡಚಿ ಹಗ್ಗವಾಗಿತ್ತು. ಎಳೆದರೆ ಬರದು, ಬಿಟ್ಟರೆ ಒಳಗೆ ಹೋಗದು.

"ಬೆಳಗ್ಗೆಯಿಂದ ಇದೇ ಆಯ್ತು ಡಾಟ್! ಕೆಳಗಿನ ಬೋಲ್ಟ್ ಬಿಚ್ಚಿ ತಿರುಗಿಸಿ ಹಾಕ್ದೆ. ಒಂದು ಸುತ್ತು ಇದ್ದಿದ್ದು ಎರಡಾಯ್ತು," ಎಂದು ನನಗೆ ದೂರಿದಳು.

"ಬಿಚ್ಚು ಅಂತ ಯಾರೇ ಹೇಳಿದ್ದು ನಿಂಗೆ?"

"ನೀನು ಸುಮ್ನೆ ಟೀ ಕುಡಿ. ಬಾಯಿ ಹಾಕ್ಬೇಡ."

ಬೋಲ್ಟನ್ನು ಮತ್ತೆ ಬಿಚ್ಚಿದಳು, ಮೊದಲಿದ್ದ ಹಾಗೆ ಕೂರಿಸಿ ಬಿಗಿದಳು. ರಸ್ತೆಯಲ್ಲಿ ಧೂಳೆದ್ದಿತೇನೋ ಎಂದು ಎದ್ದು ನೋಡಿದಳು. ಕೂತಳು. ಒಲೆ ಆರಿಸಿದೆನಾ ಎಂದು ಒಳಗೆ ಓಡಿದಳು, ಹೋದದ್ದೇಕೆಂದು ಮರೆತು ವಾಪಸು ಬಂದಳು.

ಕೊನೆಗೆ ಬೈಯುವುದನ್ನು ನಿಲ್ಲಿಸಿ ಪಟ್ಟಿಯನ್ನು ಬೆರಳಲ್ಲಿ ಸವರುತ್ತಾ ಕೂತಳು. ನಾಲಗೆಯನ್ನು ಪಟ್ಟಿಯ ಕೆಳಭಾಗಕ್ಕೆ ಸರಿಸಿದಳು. ಅದರ ಮೇಲುಗಡೆ ಪಟ್ಟಿಯನ್ನು ಓರೆಯಾಗಿ, ತ್ರಿಕೋನದ ಹಾಗೆ ಮಡಚಿ, ಆ ಮಡಿಕೆಯನ್ನು ನಾಲಗೆಯ ಸೀಳಿನೊಳಗೆ ಲಾಡಿ ತೂರಿಸಿದಂತೆ ಇಷ್ಟಿಷ್ಟೇ ತೂರಿಸಿದಳು. ನಾಲಗೆ ಮಡಿಕೆಯನ್ನು ದಾಟಿ ಮೇಲೆ ಬಂತು. ಮಡಿಕೆ ಬಿಡಿಸಿದಳು. ಪಟ್ಟಿ ನೆಟ್ಟಗಾಗಿ, ಸರ್ರನೆ ಒಳಗೆ ಹೋಯಿತು.

"ಥೂ, ಇಷ್ಟೇನಾ!" ಎಂದಳು. ಆಮೇಲೆ ಅದನ್ನು ಎಳೆದು ಎಳೆದು ಬಿಡುತ್ತಲೇ ಇದ್ದಳು. ಸಾಕು ಮಾಡೇ ಎಂದರೂ ಕೇಳಲಿಲ್ಲ.

ಮಿರಿಯಮ್ ಬಂದಳು. ತೆಳ್ಳಗಿನ ಹುಡುಗಿ, ಪೇಟೆಯ ಚಪ್ಪಲಿ. ಹಿಂದಿನ ಬೆಲ್ಟನ್ನು ಎಳೆದು, ಸಿಕ್ಕಿಸಿ, ಜಗ್ಗಿ ನೋಡಿ "ಚೆನ್ನಾಗಿದೆ" ಎಂದಳು. ಗ್ಲೆನಿಸ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

"ಒಂದು ಸುತ್ತು ಹೋಗಿ ಬರೋಣ್ವಾ? ಮಗು ಬರೋ ದಾರಿ ನೋಡ್ಬೇಕು," ಎಂದಳು ಮಿರಿಯಮ್.

ನಾನು ಹಿಂದೆ ಕೂತು ಬೆಲ್ಟು ಹಾಕಿಕೊಂಡೆ, ಮಿರಿಯಮ್ ಮುಂದೆ ಗ್ಲೆನಿಸಳ ಪಕ್ಕ ಕೂತು ಹಾಕಿಕೊಂಡಳು. ಕುರಿ ಬಯಲಿನ ಮೊದಲ ಗೇಟು ಬಂತು. ನಮ್ಮಲ್ಲಿ ಓಡಿಸುವವರ ಪಕ್ಕದಲ್ಲಿ ಕೂತವರು ಇಳಿದು ಗೇಟು ತೆಗೆಯಬೇಕು, ಪಾದ್ರಿಯಾದರೂ ಸರಿ. ಪೇಟೆಯ ಹುಡುಗಿಗೆ ಅದೇನು ಗೊತ್ತು, ಕೂತೇ ಇದ್ದಳು. ಗ್ಲೆನಿಸ್ ಬಾಗಿಲು ತಳ್ಳಿ ಛಂಗನೆ ಇಳಿದುಬಿಟ್ಟಳು.

ಬೆಲ್ಟು ಬಿಚ್ಚಿದ ಸದ್ದೇ ಆಗಲಿಲ್ಲ.

ಮಿರಿಯಮ್ ಚಾಲಕರ ಸೀಟಿನತ್ತ ನೋಡಿದಳು. ಬೆಲ್ಟು ಸೀಟಿನ ಬೆನ್ನ ಹಿಂದಿನಿಂದ ಸುತ್ತಿ ಬಂದು ಕೊಂಡಿಯಲ್ಲಿ ಸಿಕ್ಕಿಕೊಂಡಿತ್ತು. ಇಲ್ಲಿನವರೆಲ್ಲ ಮಾಡುವುದೇ ಹಾಗೆ. ಹೆಜ್ಜೆಹೆಜ್ಜೆಗೆ ಗೇಟು, ಇಳಿದು ಹತ್ತಿ ಸಾಕಾಗುತ್ತದೆ, ಬೆಲ್ಟು ಸಿಕ್ಕಿಸದಿದ್ದರೆ ಕಾರು ಕುಂಯ್ ಕುಂಯ್ ಎಂದು ಬಡಕೊಳ್ಳುತ್ತದೆ. ಅದಕ್ಕೇ ಒಮ್ಮೆ ಸಿಕ್ಕಿಸಿಟ್ಟರೆ ಮುಗಿಯಿತು, ಅದರ ಮುಂದೆಯೇ ಕೂರುವುದು. ಅಷ್ಟು ಹೊತ್ತು ನಾವಿಬ್ಬರು ಮುದುಕಿಯರು ಹಿಂದಿನ ಬೆಲ್ಟಿನ ಜೊತೆ ಗುದ್ದಾಡಿದ್ದೆವು. ಮುಂದಿನ ಸೀಟಿನದು ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಗ್ಲೆನಿಸ್ ಕಾರನ್ನು ಗೇಟು ದಾಟಿಸಿ ನಿಲ್ಲಿಸಿದಾಗ ಮಿರಿಯಮ್ ಕೇಳಿದಳು: "ಇದು ಎಷ್ಟು ವರ್ಷದಿಂದ ಹೀಗಿದೆ ಗ್ಲೆನಿಸ್ ಅವ್ರೇ?"

ಗ್ಲೆನಿಸಳ ಮುಖ ಬಿಳಿಚಿತು. ಈ ವಾರವಷ್ಟೇ ಎಂದುಬಿಡೇ ಎಂದು ನಾನು ಹಿಂದೆ ಕೂತು ಮನಸ್ಸಿನಲ್ಲೇ ಬೇಡಿಕೊಂಡೆ.

"ಯಾವಾಗ್ಲೂ ಹೀಗೇ," ಎಂದಳು.

"ಟೆಗನ್?"

"ಅವ್ಳು ಗಾಡಿ ಕಲ್ತಿದ್ದು ನನ್ ಹತ್ರಾನೇ."

ಗ್ಲೆನಿಸ್ ಕೊಂಡಿ ಬಿಚ್ಚಿ ತನ್ನ ಬೆಲ್ಟನ್ನು ಮುಂದಕ್ಕೆ ಎಳೆದಳು. ಅದೂ ತಿರುಚಿತ್ತು, ಧೂಳು ಕುಡಿದು ಸೆಟೆದಿತ್ತು. ಓರೆಯಾಗಿ ಮಡಚಿ ತೂರಿಸಲು ಹೋದರೆ ಮಡಿಕೆ ಜಾರಿತು. ಮತ್ತೆ ಮಡಚಿದಳು. ಮಿರಿಯಮ್ ಸಹಾಯಕ್ಕೆ ಕೈ ಚಾಚಲಿಲ್ಲ, ಆತುರವನ್ನೂ ಮಾಡಲಿಲ್ಲ. ಕೊನೆಗೆ ಬೆಲ್ಟು ಎದೆಯ ಮೇಲೆ ನೆಟ್ಟಗೆ ಕೂತಿತು.

"ಬರ್ಕೊಳ್ಳಮ್ಮ, ಏನ್ ಬರ್ಕೋಬೇಕೋ ಬರ್ಕೋ."

"ಇಂಡಿ ಜೊತೆಗಿದ್ದಾಗ ಗೇಟು ಯಾರು ತೆಗೀತಾರೆ?"

"ನಾನೇ."

"ಪ್ರತಿ ಗೇಟಿಗೂ ಬಿಚ್ಚಿ, ಮತ್ತೆ ಹಾಕ್ಕೊಂಡು?"

"ರಾತ್ರಿ ಆದ್ರೂ ಸರಿ ಕಣಮ್ಮ."

ಮಿರಿಯಮ್ ತನ್ನ ಬೆಲ್ಟು ಬಿಚ್ಚಿದಳು. "ಶುಕ್ರವಾರ ಕರ್ಕೊಂಡ್ ಬರ್ತೀನಿ. ಆಮೇಲೂ ಬರ್ತಾ ಇರ್ತೀನಿ, ಹೇಳ್ದೆ ಕೇಳ್ದೆ." ಹಾಗೆಂದು ಇಳಿದು, ಪೇಟೆಯ ಚಪ್ಪಲಿಯಲ್ಲಿ ಧೂಳು ತುಳಿಯುತ್ತಾ ಗೇಟು ಮುಚ್ಚಲು ಹೋದಳು.

ಕಾರಿನಲ್ಲಿ ನಾವಿಬ್ಬರೇ ಉಳಿದೆವು. ಶುಕ್ರವಾರಕ್ಕೆ ಇನ್ನೆಷ್ಟು ದಿನವೆಂದು ನಾನಾಗಲೇ ಎಣಿಸುತ್ತಿದ್ದೆ. ಗ್ಲೆನಿಸ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದಿನ ಗಾಜನ್ನೇ ನೋಡುತ್ತಿದ್ದಳು.

"ನಾನು ಹಾಕ್ಕೋತಿದ್ರೆ ಅವ್ಳೂ ಹಾಕ್ಕೋತಿದ್ಲು, ಅಲ್ವೇನೇ ಡಾಟ್?"

ಇಲ್ಲ ಎನ್ನಲು ಬಾಯಿ ತೆರೆದೆ. ಇಷ್ಟು ದಿನ ಎಲ್ಲರೂ ಅವಳೆದುರು ಈ ಮಾತನ್ನು ಮುಚ್ಚಿಟ್ಟದ್ದು ಸಾಕಾಗಿತ್ತು.

"ಹೂಂ ಕಣೇ," ಎಂದೆ, ಹಿಂದಿನಿಂದ ಅವಳ ಹೆಗಲು ಹಿಡಿದುಕೊಂಡು.